ಓದುಗರ ಪ್ರಶ್ನೆ: ನಾಲ್ಕಿಂಚಿನ ಪಟ್ಟಿ, ಬಾಟಲಿ ಮುಚ್ಚಳ, ಮಣ್ಣಿನ ಶಾಲು

ಕಳೆದ ತಿಂಗಳು ಈ ಅಂಕಣದಲ್ಲಿ ಪಶ್ಚಿಮ ಆಫ್ರಿಕಾದ ಬಟ್ಟೆ ಮತ್ತು ಕಲೆಯ ಬಗ್ಗೆ ಬರೆದಿದ್ದೆ. ಘಾನಾ ಮೂಲದ ಕಲಾವಿದ ಎಲ್ ಅನಾಟ್ಸುಯಿ ಅವರ ಕೃತಿಯ ಚಿತ್ರವೊಂದು ಜೊತೆಗೆ ಅಚ್ಚಾಗಿತ್ತು. ಅದಕ್ಕೆ ಬಂದ ಪತ್ರಗಳಲ್ಲಿ ಕೆಲವನ್ನು ಆರಿಸಿಕೊಂಡಿದ್ದೇನೆ. ಹೊಸ ಓದುಗರಿಗೆ ನನ್ನ ಪರಿಚಯ ಇಷ್ಟು: ರಬಕವಿಯ ನೇಕಾರರ ಮನೆ ಮಗಳು. ಮದುವೆಯಾಗಿ ಘಾನಾದ ರಾಜಧಾನಿ ಅಕ್ರಾಕ್ಕೆ ಹೋದವಳು ಅಲ್ಲೇ ಒಂದು ಬಟ್ಟೆ ವ್ಯಾಪಾರದ ಕಂಪನಿಯಲ್ಲಿ ಖರೀದಿ ನೋಡಿಕೊಂಡೆ. ಆಮೇಲೆ ನೈಜೀರಿಯಾದ ಲಾಗೋಸ್‌ನಲ್ಲೂ ಅದೇ ಕೆಲಸ. ಈಗ ಹುಬ್ಬಳ್ಳಿಯಲ್ಲಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಪತ್ರ ಬರೆದವರಲ್ಲಿ ಬಹಳಷ್ಟು ಜನ 'ಆಫ್ರಿಕನ್ ಡಿಸೈನ್' ಅಂತಲೇ ಬರೆದಿದ್ದೀರಿ. ಇಳಕಲ್ಲನ್ನೂ ಕಾಂಚೀಪುರವನ್ನೂ ಬನಾರಸವನ್ನೂ ಒಟ್ಟಿಗೆ ಸೇರಿಸಿ ಯಾರಾದರೂ 'ಏಷ್ಯನ್ ಸೀರೆ' ಅಂದರೆ ನಾವು ಸುಮ್ಮನಿರುತ್ತೇವೆಯೇ? ಅದಕ್ಕೇ ಉತ್ತರಗಳಲ್ಲಿ ಊರ ಹೆಸರು ಹಿಡಿದೇ ಮಾತಾಡುತ್ತೇನೆ.

ಪ್ರಶ್ನೆ: ಅಕ್ಕಾರ, ಕೆಂಟೆ ಬಟ್ಟಿ ಅಂದ್ರ ನಾಕ ಇಂಚಿನ ಪಟ್ಟಿ ನೇಯ್ದು ಹೊಲದು ಮಾಡೂದು ಅಂತ ಬರದಿದ್ರಿ. ನಾಕ ಇಂಚು ಯಾಕ್ರಿ? ಅಗಲ ಮಗ್ಗ ಮಾಡ್ಕೊಳ್ಳಾಕ ಬರೂದಿಲ್ಲೇನು ಅವರಿಗೆ? ಅದರಾಗ ಹೊಟ್ಟಿ ತುಂಬತೈತೇನು?
— ನೇಕಾರರೊಬ್ಬರು, ಬನಹಟ್ಟಿ

ಅಣ್ಣಾರ, ಇಂಥ ಪ್ರಶ್ನೆ ಮಗ್ಗದ ಮುಂದೆ ಕೂತವರಿಗೇ ಹೊಳೆಯಬೇಕು.

ಘಾನಾದಲ್ಲಿ ಕುಮಾಸಿ ಪಟ್ಟಣದ ಹತ್ತಿರ ಬೊನ್ವಿರೆ ಅಂತ ಒಂದು ಊರಿದೆ. ಅಶಾಂತಿ ಜನರ ಕೆಂಟೆಗೆ ಅದು ತವರು. ಅಲ್ಲಿ ನಮ್ಮ ಹಾಗೆ ಮಗ್ಗಕ್ಕೆ ಕುಣಿ ತೋಡುವುದಿಲ್ಲ. ನಾಲ್ಕು ಕಾಲಿನ ಮರದ ಚೌಕಟ್ಟು, ಅದರೊಳಗೆ ನೇಕಾರ ಕೂತಿರುತ್ತಾನೆ. ಹಾಸು ಅವನ ಎದುರಿಗೆ ಅಂಗಳದುದ್ದಕ್ಕೂ ಚಾಚಿಕೊಂಡಿರುತ್ತದೆ, ಅದರ ತುದಿಗೊಂದು ಭಾರದ ಕಲ್ಲು. ನೇಯ್ದಷ್ಟು ಬಟ್ಟೆಯನ್ನು ಸುತ್ತಿಕೊಂಡ ಹಾಗೆಲ್ಲ ಆ ಕಲ್ಲು ನೆಲ ಉಜ್ಜುತ್ತ ಗೇಣುಗೇಣೇ ಹತ್ತಿರ ಬರುತ್ತದೆ. ತುಳಿಯುವ ಮಣೆ ಇಲ್ಲ. ಎಳೆ ಎತ್ತುವ ಹಗ್ಗದ ತುದಿಗೆ ಒಂದು ಸಣ್ಣ ಬಿಲ್ಲೆ ಕಟ್ಟಿರುತ್ತದೆ. ಅದನ್ನು ಕಾಲಿನ ಹೆಬ್ಬೆರಳಿಗೂ ಪಕ್ಕದ ಬೆರಳಿಗೂ ನಡುವೆ ಸಿಕ್ಕಿಸಿ, ಒಂದು ಕಾಲು ಎಳೆದರೆ ಇನ್ನೊಂದನ್ನು ಬಿಡುವುದು. ಲಾಳಿ ಕೈಯಿಂದ ಕೈಗೆ ಹೋಗುತ್ತದೆ, ನಾಲ್ಕಿಂಚಿನಲ್ಲಿ ಹಾರಿಸುವುದಕ್ಕೆ ಜಾಗವೆಲ್ಲಿ?

ಪಟ್ಟಿ ಚಿಕ್ಕದು ಅಂದ ಮಾತ್ರಕ್ಕೆ ಕೆಲಸ ಚಿಕ್ಕದಲ್ಲ. ಗಂಡಸರು ಹೊದೆಯುವ ಒಂದು ಬಟ್ಟೆಗೆ ಸಾಮಾನ್ಯವಾಗಿ 24ರಷ್ಟು ಪಟ್ಟಿ ಬೇಕು. ಅವನ್ನು ಅಂಚಿಗೆ ಅಂಚು ಕೂಡಿಸಿ ಹೊಲಿದಾಗ ಒಂದು ಪಟ್ಟಿಯ ಹೂವಿನ ಚೌಕ ಪಕ್ಕದ ಪಟ್ಟಿಯ ಖಾಲಿ ಚೌಕದ ಎದುರಿಗೇ ಬಂದು ಕೂರಬೇಕು. ಮೊದಲ ಪಟ್ಟಿಯಲ್ಲಿ ಹೊಕ್ಕು ಎಷ್ಟು ಬಿಗಿಯಾಗಿ ಬಡಿದಿದ್ದಾನೋ ಕೊನೆಯ ಪಟ್ಟಿಯಲ್ಲೂ ಅಷ್ಟೇ ಬಡಿದಿರಬೇಕು. ಇಲ್ಲದಿದ್ದರೆ ಮೇಲಿನ ತುದಿಯಲ್ಲಿ ಸರಿಹೊಂದಿದ ಚೌಕ ಕೆಳಗೆ ಬರುವಷ್ಟರಲ್ಲಿ ಜಾರಿರುತ್ತದೆ. ಎದುರಿಗೆ ಗ್ರಾಫ್ ಕಾಗದ ಇಟ್ಟುಕೊಂಡು ನೇಯುವವರನ್ನು ನಾನು ಬೊನ್ವಿರೆಯಲ್ಲಿ ನೋಡಲಿಲ್ಲ, ಲೆಕ್ಕವೆಲ್ಲ ತಲೆಯಲ್ಲೇ. ನಾನು ಖರೀದಿಗೆ ಹೋದಾಗ ಬಟ್ಟೆಯನ್ನು ಅಡ್ಡ ಮಡಚಿ ಮೊದಲು ನೋಡುತ್ತಿದ್ದುದು ಆ ಮೂಲೆಯನ್ನೇ. ನನ್ನ ಕಣ್ಣು ಎಲ್ಲಿ ಹೋಗುತ್ತದೆ ಅಂತ ನೋಡಿ ಅಲ್ಲಿನ ಮುದುಕರೊಬ್ಬರು, 'ನಿಮ್ಮಪ್ಪನೂ ನೇಯುತ್ತಿದ್ದನಾ?' ಅಂತ ಕೇಳಿದರು. ಆಮೇಲೆ ಬೆಲೆಯಲ್ಲೇನೂ ಇಳಿಸಲಿಲ್ಲ ಅನ್ನಿ.

ಇನ್ನು ನಾಲ್ಕೇ ಇಂಚು ಯಾಕೆ ಅನ್ನುವುದು. ಇದು ಘಾನಾದ ಒಂದು ಊರಿನ ಪದ್ಧತಿಯಲ್ಲ. ಸೆನೆಗಲ್‌ನಿಂದ ನೈಜೀರಿಯಾವರೆಗೆ ಸಾವಿರಕ್ಕೂ ಹೆಚ್ಚು ಮೈಲಿ ಉದ್ದಕ್ಕೂ ಇದೇ ಕಿರುಪಟ್ಟಿಯ ಮಗ್ಗ. ನೈಜೀರಿಯಾದ ಇಸೇಯಿನ್‌ನಲ್ಲಿ ಯೊರುಬಾ ಜನ ನೇಯುವ 'ಅಸೋ ಓಕೆ' ಹೀಗೆಯೇ, ಮಾಲಿಯ ಹತ್ತಿ ಬಟ್ಟೆ ಹೀಗೆಯೇ, ಸೆನೆಗಲ್ ಕಡೆಯ ಮಂಜಾಕ್ ನೇಕಾರರದೂ ಹೀಗೆಯೇ. ಮಾಲಿಯ ಬಂಡಿಯಾಗರ ಬಂಡೆಸಾಲಿನ ಗುಹೆಗಳಲ್ಲಿ 11ನೇ ಶತಮಾನದಷ್ಟು ಹಳೆಯ ಬಟ್ಟೆ ಸಿಕ್ಕಿದೆ, ಅದೂ ಪಟ್ಟಿ ಕೂಡಿಸಿ ಹೊಲಿದದ್ದೇ. ಹಗುರ ಮಗ್ಗವನ್ನು ಬಿಚ್ಚಿ ಬೇರೆಡೆ ಒಯ್ಯಬಹುದು. ಉದ್ದ ಪಟ್ಟಿಯನ್ನು ಸುರುಳಿ ಸುತ್ತಿ ಸಂತೆಗೆ ಹೊರಬಹುದು. ಆ ಸುರುಳಿಯೇ ಎಷ್ಟೋ ಕಡೆ ಹಣವಾಗಿಯೂ ಚಲಾವಣೆಯಲ್ಲಿತ್ತು. ಅಗಲ ಮಗ್ಗ ಗೊತ್ತಿಲ್ಲ ಅಂತಲೂ ಅಲ್ಲ. ನೈಜೀರಿಯಾದ ಅಕ್ವೆಟೆ ಊರಿನ ಇಗ್ಬೊ ಹೆಂಗಸರು ಗೋಡೆಗೆ ಒರಗಿಸಿದ ನಿಲುವು ಮಗ್ಗದಲ್ಲಿ ಅಗಲ ಬಟ್ಟೆಯನ್ನೇ ನೇಯುತ್ತಾರೆ.

ಘಾನಾದ ಒಳಗೇ ಎರಡು ಮನೆತನ ಇದೆ ಅನ್ನುವುದನ್ನೂ ಸೇರಿಸಬೇಕು. ಟೋಗೊ ಗಡಿಯ ಹತ್ತಿರದ ಅಗೋಟಿಮೆ-ಪೆಟೋಯೆ ಕಡೆ ಎವೆ ಜನ ನೇಯುವ ಕೆಂಟೆಯಲ್ಲಿ ಹಕ್ಕಿ, ಮೀನು, ಕೈ, ಕುರ್ಚಿ ಇಂಥ ಆಕೃತಿಗಳೂ ಬರುತ್ತವೆ. ಬಣ್ಣ ಸ್ವಲ್ಪ ತಗ್ಗಿದ್ದು. ಅಶಾಂತಿಯವರದು ಚಿನ್ನದ ಹಳದಿ, ಹಸಿರು, ಕೆಂಪು, ಲೆಕ್ಕದ ಗೆರೆಗಳು. ಮೂಲ ಯಾರದು ಅಂತ ಎರಡೂ ಕಡೆಯವರಿಗೆ ವಾದ ಇದ್ದೇ ಇದೆ. ಜೇಡ ತನ್ನ ಬಲೆ ನೇಯುವುದನ್ನು ಕಾಡಿನಲ್ಲಿ ನೋಡಿ ಬೊನ್ವಿರೆಯ ಇಬ್ಬರು ಕಲಿತರು ಅಂತ ಅಶಾಂತಿ ಕಥೆ. ಎವೆ ನೇಕಾರರಿಗೆ ಆ ಕಥೆ ಹೇಳಿದರೆ ನಗುತ್ತಾರೆ. 2024ರ ಡಿಸೆಂಬರ್‌ನಲ್ಲಿ ಯುನೆಸ್ಕೊ ಕೆಂಟೆ ನೇಯ್ಗೆಯನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಅದು ಘಾನಾ ದೇಶದ ಹೆಸರಿನಲ್ಲಿ ಆಗಿರುವುದರಿಂದ ಇಬ್ಬರಿಗೂ ಸಮಾಧಾನ.

ಹೊಟ್ಟೆಯ ವಿಷಯಕ್ಕೆ ಬಂದರೆ, ಅಣ್ಣಾರ, ನಿಮ್ಮ ಕಥೆಯೇ ಅಲ್ಲಿಯದೂ. ಕೆಂಟೆಯ ಚಿತ್ರವನ್ನು ಗಿರಣಿಯಲ್ಲಿ ಅಚ್ಚು ಹಾಕಿದ ಬಟ್ಟೆ ಮಾರುಕಟ್ಟೆಯಲ್ಲಿ ಬಿದ್ದಿದೆ, ಕೈಮಗ್ಗದ್ದರ ಮುಂದೆ ಅದರ ಬೆಲೆ ಏನೇನೂ ಅಲ್ಲ. ಆದರೆ ಅವರಿಗೊಂದು ದಾರಿ ಸಿಕ್ಕಿದೆ. ಅಮೆರಿಕದ ಕಪ್ಪು ಜನಾಂಗದ ವಿದ್ಯಾರ್ಥಿಗಳು ಪದವಿ ಪ್ರದಾನದ ದಿನ ಕೆಂಟೆಯ ಒಂದೇ ಪಟ್ಟಿಯನ್ನು ಕೊರಳಿಗೆ ಶಲ್ಯದ ಹಾಗೆ ಇಳಿಬಿಟ್ಟುಕೊಳ್ಳುತ್ತಾರೆ. ಇಡೀ ಬಟ್ಟೆ ಕೊಳ್ಳಲಾಗದವರೂ ಒಂದು ಪಟ್ಟಿ ಕೊಳ್ಳುತ್ತಾರೆ. ನಾಲ್ಕಿಂಚು ಅಲ್ಲಿ ಕೆಲಸಕ್ಕೆ ಬಂತು.

ಪ್ರಶ್ನೆ: ನೀವು ಹಾಕಿದ್ದ ಚಿತ್ರದಲ್ಲಿ ದೊಡ್ಡದೊಂದು ಜರಿ ಬಟ್ಟೆ ಗೋಡೆಗೆ ನೇತುಹಾಕಿದಂತಿತ್ತು. ಕೆಳಗೆ 'ಮದ್ಯದ ಬಾಟಲಿ ಮುಚ್ಚಳ' ಎಂದಿತ್ತು. ಇದು ಶಿಲ್ಪವೋ ಬಟ್ಟೆಯೋ? ಕಲಾವಿದರನ್ನು ಒಂದು ಪುಸ್ತಕದಲ್ಲಿ ಘಾನಾದವರು ಎಂದೂ ಇನ್ನೊಂದರಲ್ಲಿ ನೈಜೀರಿಯಾದವರು ಎಂದೂ ಓದಿದೆ. ಯಾವುದು ಸರಿ?
— ಚಿತ್ರಕಲಾ ವಿದ್ಯಾರ್ಥಿನಿ, ಧಾರವಾಡ

ಎಲ್ ಅನಾಟ್ಸುಯಿ ಹುಟ್ಟಿದ್ದು 1944ರಲ್ಲಿ, ಘಾನಾದ ಅನ್ಯಾಕೊದಲ್ಲಿ, ಎವೆ ಕುಟುಂಬದಲ್ಲಿ. ಅಪ್ಪ, ಅಣ್ಣಂದಿರು ಕೆಂಟೆ ನೇಯುತ್ತಿದ್ದವರು. 1975ರಲ್ಲಿ ನೈಜೀರಿಯಾದ ನ್ಸುಕ್ಕಾ ವಿಶ್ವವಿದ್ಯಾಲಯಕ್ಕೆ ಶಿಲ್ಪಕಲೆಯ ಮೇಷ್ಟರಾಗಿ ಹೋದರು, ದಶಕಗಳ ಕಾಲ ಅಲ್ಲೇ ಕಲಿಸಿದರು, ಹೆಸರು ತಂದುಕೊಟ್ಟ ಕೆಲಸವೆಲ್ಲ ಅಲ್ಲೇ ಆಯಿತು. ಹಾಗಾಗಿ ಎರಡೂ ಪುಸ್ತಕ ಸರಿ.

1990ರ ದಶಕದ ಕೊನೆಯಲ್ಲಿ ನ್ಸುಕ್ಕಾದ ಹತ್ತಿರ ಅವರಿಗೆ ಒಂದು ಚೀಲದ ತುಂಬ ಮದ್ಯದ ಬಾಟಲಿಯ ಅಲ್ಯೂಮಿನಿಯಂ ಮುಚ್ಚಳ ಸಿಕ್ಕಿತು. ಮುಚ್ಚಳದ ತಲೆಯನ್ನೂ ಕತ್ತಿನ ಪಟ್ಟಿಯನ್ನೂ ಬೇರೆ ಮಾಡಿ, ಕೆಲವನ್ನು ತಟ್ಟಿ ಚಪ್ಪಟೆ ಮಾಡುತ್ತಾರೆ, ಕೆಲವನ್ನು ಮಡಚುತ್ತಾರೆ, ಕೆಲವನ್ನು ಹುರಿ ಮಾಡುತ್ತಾರೆ. ಅಂಚುಗಳಿಗೆ ತೂತು ಕೊರೆದು ತಾಮ್ರದ ತಂತಿಯಿಂದ ಒಂದಕ್ಕೊಂದು ಕಟ್ಟುತ್ತಾರೆ. ಸಹಾಯಕರು ಸಾಲಾಗಿ ಕೂತು ಕಟ್ಟಿದ ತುಂಡುಗಳನ್ನು ನೆಲದ ಮೇಲೆ ಹರಡಿ, ಎಲ್ಲಿಯದು ಎಲ್ಲಿಗೆ ಅಂತ ಅನಾಟ್ಸುಯಿ ತೀರ್ಮಾನಿಸುತ್ತಾರೆ. ಕೆಂಪು, ಹಳದಿ, ಕಪ್ಪು, ಬೆಳ್ಳಿ ಎಲ್ಲವೂ ಮದ್ಯದ ಕಂಪನಿಗಳದೇ ಬಣ್ಣ, ಬ್ರಾಂಡಿನ ಹೆಸರು ಹತ್ತಿರ ಹೋದರೆ ಓದಲು ಬರುತ್ತದೆ. ಆ ಮದ್ಯಕ್ಕೂ ಅರ್ಥ ಇದೆ. ಯುರೋಪಿನ ಹಡಗುಗಳು ಪಶ್ಚಿಮ ಆಫ್ರಿಕಾದ ಕರಾವಳಿಗೆ ತಂದು ಸರಕಿಗೆ ಸರಕಾಗಿ, ಮನುಷ್ಯರಿಗೂ ಬದಲಾಗಿ ಕೊಟ್ಟ ವಸ್ತುಗಳಲ್ಲಿ ಮದ್ಯವೂ ಒಂದು.

ಶಿಲ್ಪವೋ ಬಟ್ಟೆಯೋ ಅಂದರೆ, ಲೋಹದ್ದಾದರೂ ಮಡಚಿ ಪೆಟ್ಟಿಗೆಗೆ ಹಾಕಬಹುದು. ಹೀಗೇ ನೇತುಹಾಕಬೇಕು ಅಂತ ಕಟ್ಟಳೆ ಇಲ್ಲ. ಪ್ರತಿ ಗ್ಯಾಲರಿಯವರೂ ತಮಗೆ ಬೇಕಾದ ನೆರಿಗೆ ಕೊಟ್ಟು ತೂಗಿಸುತ್ತಾರೆ. ಅದೇ ಕೃತಿ ಎರಡು ಊರಲ್ಲಿ ಎರಡು ಆಕಾರ. 2015ರಲ್ಲಿ ವೆನಿಸ್ ಬಿನಾಲೆ ಅನ್ನುವ ಅಂತರರಾಷ್ಟ್ರೀಯ ಕಲಾಮೇಳದಲ್ಲಿ ಅವರಿಗೆ ಜೀವಮಾನ ಸಾಧನೆಯ 'ಚಿನ್ನದ ಸಿಂಹ' ಪ್ರಶಸ್ತಿ ಬಂತು. ನೇಕಾರನ ಮಗ ಕೊನೆಗೂ ನೇಯ್ಗೆಗೇ ಬಂದ ಅಂತ ವಿಮರ್ಶಕರು ಬರೆಯುತ್ತಾರೆ. ನನಗೆ ಅಷ್ಟು ಸಲೀಸಾಗಿ ಒಪ್ಪಿಗೆಯಾಗುವುದಿಲ್ಲ. ಅದಕ್ಕೂ ಮೊದಲು ಮರದ ಮೇಲೆ, ಮಣ್ಣಿನ ಮೇಲೆ ಇಪ್ಪತ್ತೈದು ವರ್ಷ ದುಡಿದ ಕೈ ಅದು. ನಿಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ಅವರ ಹಳೆಯ ಮರದ ಹಲಗೆಗಳ ಚಿತ್ರ ಸಿಕ್ಕರೆ ನೋಡಿ; ಯಂತ್ರದ ಗರಗಸದಲ್ಲಿ ಕೊರೆದ ಉದ್ದುದ್ದ ಹಲಗೆಗಳು, ಪಕ್ಕಪಕ್ಕ ನಿಲ್ಲಿಸಿದ್ದು.

ಪ್ರಶ್ನೆ: ನನ್ನ ಬೊಟಿಕ್‌ಗೆ 'ಅಂಕಾರಾ' ಪ್ರಿಂಟ್ ತರಿಸಬೇಕೆಂದಿದ್ದೇನೆ. ಗಿರಾಕಿಯೊಬ್ಬರು 'ಅದು ಡಚ್ಚರ ಬಟ್ಟೆ, ಆಫ್ರಿಕಾದ್ದೇ ಅಲ್ಲ' ಎಂದು ವಾದಿಸಿದರು. ಹಾಗಾದರೆ ಏನೆಂದು ಹೇಳಿ ಮಾರಲಿ? ಅಸಲಿ ಯಾವುದು ನಕಲಿ ಯಾವುದು ಗುರುತಿಸುವುದು ಹೇಗೆ?
— ಬೊಟಿಕ್ ಮಾಲೀಕರು, ಬೆಂಗಳೂರು

ನಿಮ್ಮ ಗಿರಾಕಿ ಅರ್ಧ ಓದಿದ್ದಾರೆ. ಅಂಕಾರಾ ಅಂದರೆ ಬಾಟಿಕ್ ಮಾದರಿಯ ಅಚ್ಚಿನ ಬಟ್ಟೆ, ವ್ಯಾಕ್ಸ್ ಪ್ರಿಂಟ್ ಅಂತಲೂ ಹೆಸರು. ಜಾವಾ ದ್ವೀಪದ ಬಾಟಿಕ್ಕನ್ನು, ಅಂದರೆ ಮೇಣದಲ್ಲಿ ಚಿತ್ರ ಬರೆದು ಬಣ್ಣಕ್ಕೆ ಅದ್ದುವ ಬಟ್ಟೆಯನ್ನು, ಯಂತ್ರದಲ್ಲಿ ಮಾಡಿ ಅಲ್ಲೇ ಮಾರಬೇಕು ಅಂತ ಡಚ್ಚರು ಹೊರಟಿದ್ದು ನಿಜ. 1846ರಲ್ಲಿ ನೆದರ್ಲೆಂಡ್ಸ್‌ನ ಹೆಲ್ಮಂಡ್ ಊರಿನಲ್ಲಿ ಶುರುವಾದ ವ್ಲಿಸ್ಕೊ ಕಂಪನಿ ಇವತ್ತಿಗೂ ಇದೆ. ಯಂತ್ರದಲ್ಲಿ ರಾಳದ ಲೇಪ ಬಿರಿದು ಬಣ್ಣ ಒಳಗೆ ಇಳಿದು ಕೂದಲೆಳೆಯಂಥ ಗೆರೆ ಮೂಡುತ್ತಿತ್ತು. ಜಾವಾದವರಿಗೆ ಅದು ಹಿಡಿಸಲಿಲ್ಲ. 19ನೇ ಶತಮಾನದ ಕೊನೆಗೆ ಆ ಬಟ್ಟೆ ಗೋಲ್ಡ್ ಕೋಸ್ಟ್, ಅಂದರೆ ಇಂದಿನ ಘಾನಾದ ಬಂದರುಗಳಿಗೆ ಬಂದಾಗ ಅಲ್ಲಿನ ಹೆಂಗಸರಿಗೆ ಆ ಬಿರುಕೇ ಹಿಡಿಸಿತು.

ಅಲ್ಲಿಂದಾಚೆಗೆ ಬಟ್ಟೆಯ ಭವಿಷ್ಯ ನಿರ್ಧರಿಸಿದವರು ಮಾರುಕಟ್ಟೆಯ ಹೆಂಗಸರು. ಹೆಲ್ಮಂಡ್‌ನಿಂದ ಬರುವ ಥಾನಿಗೆ ಬರೀ ನಂಬರು. ಹೆಸರು ಇಟ್ಟವರು ಟೋಗೊದ ರಾಜಧಾನಿ ಲೋಮೆಯ, ಅಕ್ರಾದ ವ್ಯಾಪಾರಿಗಳು. ಪಂಜರದ ಬಾಗಿಲು ತೆರೆದಿದ್ದು ಹಕ್ಕಿ ಹಾರಿಹೋಗುತ್ತಿರುವ ಒಂದು ಚಿತ್ರವಿದೆ, ಅದರ ಹೆಸರು 'ನೀ ಹೊರಗೆ ಹೋದರೆ ನಾನೂ ಹೋಗುತ್ತೇನೆ'. ಗಂಡ ಅಲೆಯುವವನಾದರೆ ಹೆಂಡತಿ ಅದನ್ನು ಉಟ್ಟು ಅವನ ಮುಂದೆ ಸುಳಿದಾಡಿದರೆ ಸಾಕು. 'ಸವತಿಯ ಕಣ್ಣು' ಅಂತ ಇನ್ನೊಂದು. 'ಒಳ್ಳೆಯ ಮಣಿಸರ ಸದ್ದು ಮಾಡುವುದಿಲ್ಲ' ಅಂತ ಅಕಾನ್ ಗಾದೆಯ ಹೆಸರಿನದು ಮತ್ತೊಂದು, ಮಾತು ಹೆಚ್ಚಾದವರ ಮನೆಗೆ ಹೋಗುವಾಗ ಉಡುವಂಥದ್ದು. ಅಕ್ರಾದ ಮಕೋಲಾ ಮಾರುಕಟ್ಟೆಯಲ್ಲಿ ಅಂಗಡಿಯಾಕೆಯ ಮುಂದೆ ಕೂತು ಥಾನು ಬಿಚ್ಚಿಸುವುದು ನನ್ನ ಕೆಲಸದಲ್ಲೇ ಅತ್ಯಂತ ಖುಷಿಯ ಭಾಗವಾಗಿತ್ತು. ಒಂದೊಂದಕ್ಕೂ ಒಂದು ಜಗಳದ ಕಥೆ.

ಟೋಗೊದ ಲೋಮೆಯಲ್ಲಿ ಈ ವ್ಯಾಪಾರದಿಂದ ಬೆಳೆದ ಹೆಂಗಸರಿಗೆ 'ನಾನಾ ಬೆಂಜ್' ಅಂತಲೇ ಹೆಸರು ಬಿತ್ತು, ಮರ್ಸಿಡಿಸ್ ಬೆಂಜ್ ಕಾರಿನಲ್ಲಿ ಓಡಾಡುತ್ತಿದ್ದರಲ್ಲ. ಓದು ಬರಹ ಅಷ್ಟಕ್ಕಷ್ಟೇ ಇದ್ದವರೂ ಅವರಲ್ಲಿದ್ದರು. ಒಂದೊಂದು ಚಿತ್ರವನ್ನು ತಾನೊಬ್ಬಳೇ ಮಾರುವ ಹಕ್ಕನ್ನು ಕಂಪನಿಯಿಂದ ಪಡೆದು ಪಕ್ಕದ ದೇಶಗಳಿಗೆಲ್ಲ ಸರಬರಾಜು ಮಾಡುತ್ತಿದ್ದರು. 1994ರ ಜನವರಿಯಲ್ಲಿ ಅಲ್ಲಿ ಚಲಾವಣೆಯ ಹಣವಾದ ಸಿಎಫ್‌ಎ ಫ್ರಾಂಕ್‌ನ ಬೆಲೆಯನ್ನು ಫ್ರೆಂಚ್ ಫ್ರಾಂಕಿನ ಎದುರು ಅರ್ಧಕ್ಕೆ ಇಳಿಸಿದರು. ಒಂದೇ ರಾತ್ರಿಯಲ್ಲಿ ಡಚ್ ಬಟ್ಟೆ ದುಪ್ಪಟ್ಟು ತುಟ್ಟಿಯಾಯಿತು. ಹಿಂದೆಯೇ ಚೀನಾದ ಅಗ್ಗದ ನಕಲು ಬಂತು. ಬೆಂಜಿನ ಕಾಲ ಅಲ್ಲಿಗೆ ಮುಗಿಯಿತು.

ನಮ್ಮ ದೇಶದ ಪಾಲೂ ಇದರಲ್ಲಿದೆ, ಅದು ನಿಮ್ಮ ಗಿರಾಕಿಗೆ ಗೊತ್ತಿರಲಿಕ್ಕಿಲ್ಲ. ಮದ್ರಾಸಿನ ಚೌಕುಳಿ ಬಟ್ಟೆ ಶತಮಾನಗಳಿಂದ ನೈಜರ್ ನದಿಯ ಮುಖಜಭೂಮಿಗೆ ಹೋಗುತ್ತಿದೆ. ಅಲ್ಲಿನ ಕಲಬರಿ ಹೆಂಗಸರು ಆ ಚೌಕುಳಿಯಲ್ಲಿ ತಮಗೆ ಬೇಡವಾದ ಎಳೆಯನ್ನು ಸೂಜಿಯಿಂದ ಎತ್ತಿ, ಬ್ಲೇಡಿನಿಂದ ಕತ್ತರಿಸಿ, ಮೆಲ್ಲಗೆ ಎಳೆದು ತೆಗೆಯುತ್ತಾರೆ. ಬಟ್ಟೆ ಜಾಳಿಗೆಯಾಗಿ ಹೊಸದೊಂದು ವಿನ್ಯಾಸ ಮೂಡುತ್ತದೆ. 'ಪೆಲೆಟೆ ಬಿಟೆ' ಅನ್ನುತ್ತಾರೆ. ನೇಯ್ದವರು ನಮ್ಮವರು, ಆದರೆ ಅಷ್ಟು ಎಳೆ ಕಿತ್ತ ಮೇಲೆ ಅದನ್ನು ಭಾರತದ ಬಟ್ಟೆ ಅನ್ನಲು ನನಗೆ ಬಾಯಿ ಬರುವುದಿಲ್ಲ. ಡಚ್ ಬಟ್ಟೆಗೂ ಇದೇ ನ್ಯಾಯ. 'ಪಶ್ಚಿಮ ಆಫ್ರಿಕಾದ ವ್ಯಾಕ್ಸ್ ಪ್ರಿಂಟ್' ಅಂತ ಹೇಳಿ ಮಾರಿ, ಎಲ್ಲಿ ಅಚ್ಚಾದದ್ದು ಅನ್ನುವುದನ್ನೂ ಹೇಳಿ.

ಗುರುತಿಸುವುದು: ಮಗ್ಗುಲು ತಿರುಗಿಸಿ ನೋಡಿ. ರಾಳದಲ್ಲಿ ಮಾಡಿದ್ದಾದರೆ ಎರಡೂ ಮುಖದಲ್ಲಿ ಬಣ್ಣ ಒಂದೇ ದಟ್ಟಣೆ. ಬಿರುಕಿನ ಗೆರೆ ಪ್ರತಿ ಗಜದಲ್ಲೂ ಬೇರೆ ಇರಬೇಕು. ಗಜಗಜಕ್ಕೂ ಅದೇ ಗೆರೆ ಅದೇ ಜಾಗದಲ್ಲಿ ಬಂದರೆ ಬಿರುಕನ್ನೂ ಅಚ್ಚು ಹಾಕಿದ್ದಾರೆ ಅಂತ ಲೆಕ್ಕ.

ಪ್ರಶ್ನೆ: ಮೇಡಂ, ನಾನು ಮೈಸೂರಿನವನು, ಲಾಗೋಸ್‌ನಲ್ಲಿ ಕೆಲಸ. ಸಹೋದ್ಯೋಗಿಯ ತಂಗಿಯ ಮದುವೆ. ಕರೆಯೋಲೆಯ ಜೊತೆಗೇ 'ಬಟ್ಟೆಗೆ ಇಷ್ಟು ದುಡ್ಡು ಕಳಿಸಿ' ಎಂದು ಮೆಸೇಜು ಬಂತು! ಮದುವೆಗೆ ಕರೆದು ದುಡ್ಡು ಕೇಳುವುದೇ? ಅವರ ಉಡುಪು ನಾನು ಹಾಕಿಕೊಂಡರೆ ವೇಷ ಹಾಕಿದ ಹಾಗೆ ಆಗುವುದಿಲ್ಲವೇ?
— ಓದುಗರು, ಲಾಗೋಸ್

ಕಳಿಸಿ ಮಾರಾಯರೇ. ಅದು 'ಅಸೋ ಎಬಿ', ಮನೆಯವರೆಲ್ಲ ಒಂದೇ ಬಟ್ಟೆ ಉಡುವ ಪದ್ಧತಿ. ಹುಡುಗಿಯ ಕಡೆಯವರಿಗೆ ಒಂದು, ಹುಡುಗನ ಕಡೆಯವರಿಗೆ ಒಂದು, ಗೆಳೆಯರಿಗೆ ಇನ್ನೊಂದು. ನಿಮಗೆ ಬಟ್ಟೆಯ ಮೆಸೇಜು ಬಂದಿದೆ ಅಂದರೆ ನಿಮ್ಮನ್ನು ಮನೆಯವರ ಸಾಲಿಗೆ ಸೇರಿಸಿದ್ದಾರೆ, ಮೈಸೂರಿನಲ್ಲಿ ಇದಕ್ಕೆ ನಾವು ಉಡುಗೊರೆ ಕವರು ಕೊಡುವುದಿಲ್ಲವೇ? ದುಬಾರಿ ಆಯಿತು ಅಂತ ಅಲ್ಲಿಯವರೇ ಗೊಣಗುತ್ತಾರೆ, ಗೊಣಗುತ್ತಲೇ ಹೊಲಿಸುತ್ತಾರೆ. ದರ್ಜಿಯ ಹತ್ತಿರ ಮದುವೆಗೆ ಎರಡು ವಾರ ಮೊದಲೇ ಹೋಗಿ. ಲಾಗೋಸ್ ದರ್ಜಿಯ 'ನಾಳೆ' ನಮ್ಮ ದರ್ಜಿಯ 'ನಾಳೆ'ಗಿಂತ ಉದ್ದ. ನಿಮ್ಮ ಮನೆಯವರೂ ಬರುವುದಾದರೆ ತಲೆಗೆ ಸುತ್ತುವ 'ಗೆಲೆ'ಯನ್ನು ತಾವೇ ಕಟ್ಟಿಕೊಳ್ಳಲು ಹೋಗುವುದು ಬೇಡ. ಅದು ಕಾಗದದಷ್ಟು ಗರಿಗರಿ ಬಟ್ಟೆ, ಕಟ್ಟಿಕೊಡುವುದನ್ನೇ ಕಸುಬು ಮಾಡಿಕೊಂಡವರಿದ್ದಾರೆ.

ಇನ್ನೊಂದು ಮುಖ್ಯ ಮಾತು. ವಧೂವರರು ಕುಣಿಯುವಾಗ ನೋಟು ಎರಚುವುದನ್ನು ನೋಡುತ್ತೀರಿ. ನೋಡಿ ಸುಮ್ಮನಿರಿ. ಅಲ್ಲಿನ ಸೆಂಟ್ರಲ್ ಬ್ಯಾಂಕಿನ 2007ರ ಕಾಯ್ದೆ ಪ್ರಕಾರ ನೈರಾ ಎರಚುವುದು ಶಿಕ್ಷಾರ್ಹ ಅಪರಾಧ, ಇತ್ತೀಚೆಗೆ ಜೈಲಿಗೂ ಕಳಿಸಿದ್ದಾರೆ. ಕವರಿನಲ್ಲಿ ಹಾಕಿ ಕೈಗೆ ಕೊಡಿ.

ಪ್ರಶ್ನೆ: ಅಪ್ಪನ ಕಾಲದಿಂದ ನಮ್ಮದು ಫೋಟೊ ಸ್ಟುಡಿಯೊ. ಹಳೆಯ ಪರದೆಗಳು ಇನ್ನೂ ಇವೆ. ಆಫ್ರಿಕಾದಲ್ಲಿ ಸ್ಟುಡಿಯೊ ಫೋಟೊಗಳನ್ನೇ ಮ್ಯೂಸಿಯಂನಲ್ಲಿ ಇಡುತ್ತಾರಂತೆ, ನಿಜವೇ?
— ಓದುಗರು, ಗದಗ

ನಿಜ. ಮಾಲಿಯ ರಾಜಧಾನಿ ಬಮಾಕೊದಲ್ಲಿ ಸೇಡು ಕೇಟಾ ಅಂತ ಒಬ್ಬರಿದ್ದರು, 1948ರಲ್ಲಿ ಸ್ಟುಡಿಯೊ ತೆರೆದರು. ಪರದೆಗೆ ಹೂವಿನ, ಬಳ್ಳಿಯ ದಟ್ಟ ಬಟ್ಟೆ, ಮೊದಲಿಗೆ ಬಳಸಿದ್ದು ತಮ್ಮದೇ ಹಾಸಿಗೆಯ ಹೊದಿಕೆ. ಎದುರಿಗೆ ಕೂತ ಹೆಂಗಸಿನ ನಿಲುವಂಗಿಯ ಮೇಲೂ ದಟ್ಟ ಚಿತ್ರ. ಎರಡು ಚಿತ್ತಾರ ಒಂದಕ್ಕೊಂದು ತಾಗಿ, ಮುಖ ಮತ್ತು ಕೈ ಮಾತ್ರ ಅವುಗಳ ನಡುವಿನಿಂದ ಎದ್ದು ಬರುತ್ತವೆ. ಕೈಗಡಿಯಾರ, ರೇಡಿಯೊ, ಸ್ಕೂಟರ್ ಎಲ್ಲ ಸ್ಟುಡಿಯೊದಲ್ಲೇ ಇಟ್ಟಿದ್ದರು, ಗಿರಾಕಿಗೆ ಬೇಕಾದ್ದನ್ನು ಹಿಡಿದು ಕೂರಬಹುದಿತ್ತು. ಪರದೆ ಕೆಲವು ವರ್ಷಕ್ಕೊಮ್ಮೆ ಬದಲಾಗುತ್ತಿತ್ತು. ಮುಂದೆ ನೆಗೆಟಿವ್‌ಗಳಿಗೆ ಇಸವಿ ಬರೆಯಬೇಕಾಗಿ ಬಂದಾಗ ಅವರು ಪರದೆ ನೋಡಿಯೇ ಕಾಲ ಹೇಳುತ್ತಿದ್ದರು. ಅದೇ ಊರಿನ ಮಲಿಕ್ ಸಿಡಿಬೆ ಕ್ಯಾಮೆರಾ ಹಿಡಿದು ಯುವಕರ ಡ್ಯಾನ್ಸ್ ಪಾರ್ಟಿಗಳಿಗೇ ಹೋದರು. ವೆನಿಸ್‌ನ ಚಿನ್ನದ ಸಿಂಹ 2007ರಲ್ಲಿ ಅವರಿಗೆ ಬಂತು. ನೈಜೀರಿಯಾದ ಒಜೈಕೆರೆ ಹೆಂಗಸರ ಜಡೆಗಳನ್ನು ಬೆನ್ನ ಹಿಂದಿನಿಂದ ತೆಗೆಯುತ್ತ ಹೋದರು, ನೂರಾರು ಬಗೆಯ ಜಡೆ. ನಿಮ್ಮ ಪರದೆಗಳನ್ನು ದಯವಿಟ್ಟು ಗುಜರಿಗೆ ಹಾಕಬೇಡಿ. ಯಾವುದು ಯಾವ ವರ್ಷದಿಂದ ಯಾವ ವರ್ಷದವರೆಗೆ ಅಂತ ಹಿಂಬದಿಯಲ್ಲಿ ಬರೆದಿಡಿ.

ಪ್ರಶ್ನೆ: ನಮ್ಮ ತಾಲ್ಲೂಕಿನ ಸಿದ್ದಿ ಮಹಿಳೆಯರು ಹೊಲಿಯುವ ಕೌದಿಗಳು ನೀವು ಬರೆದ ಬಟ್ಟೆಗಳ ಹಾಗೆಯೇ ಕಾಣುತ್ತವೆ. ಇದೂ ಪಶ್ಚಿಮ ಆಫ್ರಿಕಾದ ಪರಂಪರೆಯೇ? ಶಾಲೆಯ ಪ್ರದರ್ಶನದಲ್ಲಿ ಹಾಗೆ ಬರೆಯಬಹುದೇ?
— ಶಿಕ್ಷಕಿ, ಯಲ್ಲಾಪುರ

ಬರೆಯಬೇಡಿ ಟೀಚರ್. ಸಿದ್ದಿಗಳ ಹಿರಿಯರು ಬಹುತೇಕ ಪೂರ್ವ ಮತ್ತು ಆಗ್ನೇಯ ಆಫ್ರಿಕಾದ ಕಡಲತೀರದವರು, ಪೋರ್ಚುಗೀಸರು ಗೋವೆಗೆ ಗುಲಾಮರಾಗಿ ತಂದವರು ಅವರಲ್ಲಿ ಬಹಳ. ಅಲ್ಲಿಂದ ತಪ್ಪಿಸಿಕೊಂಡು ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡು ಸೇರಿದರು. ಬೊನ್ವಿರೆಗೂ ಮೊಜಾಂಬಿಕ್‌ಗೂ ನಡುವೆ ಒಂದು ಖಂಡದಷ್ಟೇ ದೂರ ಇದೆ.

ಆದರೆ ನಿಮಗೆ ಹಾಗೆ ಅನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಯೊರುಬಾ ಕಲೆಯ ಬಗ್ಗೆ ದಶಕಗಳ ಕಾಲ ಕೆಲಸ ಮಾಡಿದ ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಾಲ್ ನಿಮ್ಮ ಜಿಲ್ಲೆಗೇ ಬಂದು ಸಿದ್ದಿ ಕೌದಿಗಳನ್ನು ಅಭ್ಯಾಸ ಮಾಡಿದರು, ಹೊಲಿಯುವ ಮಹಿಳೆಯರು ಒಟ್ಟುಗೂಡಿ ಮಾರುವುದಕ್ಕೂ ನೆರವಾದರು. ಅಂಚಿನಿಂದ ಹೊಲಿಗೆ ಶುರುಮಾಡಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುವುದು, ನಾಲ್ಕೂ ಮೂಲೆಗೆ ಮಡಚಿದ ತ್ರಿಕೋನದ 'ಫುಲ' ಇಡುವುದು, ಫುಲ ಇಲ್ಲದ ಕೌದಿಯನ್ನು ಬೆತ್ತಲೆ ಅನ್ನುವುದು, ಇದೆಲ್ಲ ಸಿದ್ದಿ ಹೆಂಗಸರದೇ. ಹಳೆ ಸೀರೆ, ಹಳೆ ಅಂಗಿ ನಮ್ಮೂರಿನದು. ಪ್ರದರ್ಶನದಲ್ಲಿ ಹೊಲಿದವರ ಹೆಸರು, ಹಳ್ಳಿಯ ಹೆಸರು ಬರೆಸಿ. ಖಂಡದ ಹೆಸರು 'ಪೂರ್ವಜರು' ಅನ್ನುವ ಸಾಲಿನಲ್ಲಿ ಬರಲಿ.

ಪ್ರಶ್ನೆ: ಎಲ್ಲರೂ ಒಂದೇ ಮಗ್ಗ, ಒಂದೇ ಮಾರುಕಟ್ಟೆ ಅನ್ನುತ್ತೀರಿ. ಹಾಗಿದ್ದರೆ ಆ ದೇಶಗಳು ಕಿತ್ತಾಡುವುದೇ ಇಲ್ಲವೇ? ಸ್ವಲ್ಪ ಹೆಚ್ಚೇ ಹೊಗಳುತ್ತಿಲ್ಲವೇ?
— ಓದುಗರು, ತುಮಕೂರು

ಚೆನ್ನಾಗಿ ಕಿತ್ತಾಡುತ್ತವೆ. 1969ರಲ್ಲಿ ಘಾನಾ ಸರ್ಕಾರ ಪರವಾನಗಿ ಇಲ್ಲದ ವಿದೇಶಿಯರನ್ನು ಹೊರಹಾಕಿತು, ಹೋದವರಲ್ಲಿ ನೈಜೀರಿಯಾದವರು ಬಹಳ. 1977ರಲ್ಲಿ ಲಾಗೋಸ್‌ನಲ್ಲಿ 'ಫೆಸ್ಟಾಕ್' ಮಹೋತ್ಸವ ನಡೆಯಿತು. 50ಕ್ಕೂ ಹೆಚ್ಚು ದೇಶಗಳ ಕಪ್ಪು ಕಲಾವಿದರು ಸುಮಾರು ಒಂದು ತಿಂಗಳು ಒಟ್ಟಿಗೆ ಸೇರಿ ಹಾಡಿದರು, ಕುಣಿದರು, ಉಟ್ಟು ತೊಟ್ಟು ಮೆರೆದರು. ಉತ್ಸವದ ಲಾಂಛನ ಇಂದಿನ ನೈಜೀರಿಯಾದಲ್ಲಿದ್ದ ಹಳೆಯ ಬೆನಿನ್ ಸಾಮ್ರಾಜ್ಯದ ರಾಣಿ ಇದಿಯಾಳ ದಂತದ ಮುಖವಾಡ. ಬ್ರಿಟಿಷರು 1897ರಲ್ಲಿ ಲೂಟಿ ಹೊಡೆದದ್ದು ಅದು. ಬ್ರಿಟಿಷ್ ಮ್ಯೂಸಿಯಂ ಉತ್ಸವಕ್ಕೆ ಎರವಲಾಗಿಯೂ ಕೊಡಲಿಲ್ಲ. ನೈಜೀರಿಯಾದವರು ಅದರ ನಕಲೊಂದನ್ನು ಕೆತ್ತಿಸಿಕೊಂಡರು. ಅಷ್ಟೆಲ್ಲ ಒಗ್ಗಟ್ಟಿನ ಭಾಷಣವಾಗಿ ಆರೇ ವರ್ಷಕ್ಕೆ, 1983ರ ಜನವರಿಯಲ್ಲಿ, ಅದೇ ನೈಜೀರಿಯಾ ಸುಮಾರು ಹತ್ತು ಲಕ್ಷ ಘಾನಾದವರನ್ನು ಕೆಲವೇ ವಾರದ ಗಡುವು ಕೊಟ್ಟು ಓಡಿಸಿತು.

ಸಾಮಾನು ತುಂಬಿಕೊಳ್ಳಲು ಕೈಗೆ ಸಿಕ್ಕದ್ದು ನೀಲಿ ಕೆಂಪು ಚೌಕುಳಿಯ ಪ್ಲಾಸ್ಟಿಕ್ ಚೀಲ. ತುಮಕೂರು ಬಸ್ ಸ್ಟ್ಯಾಂಡಿನಲ್ಲಿ ನಿಂತರೆ ನಿಮಗೂ ಕಾಣುತ್ತದೆ, ಅದೇ ಚೀಲ. ಪಶ್ಚಿಮ ಆಫ್ರಿಕಾದಲ್ಲಿ ಅದಕ್ಕೆ ಇವತ್ತಿಗೂ 'ಘಾನಾ ಮಸ್ಟ್ ಗೋ' ಅಂತಲೇ ಹೆಸರು. ಈಗ ಆ ಚೌಕುಳಿಯಿಂದಲೇ ವಿನ್ಯಾಸಕಾರರು ಕೋಟು, ಕೈಚೀಲ ಮಾಡುತ್ತಾರೆ, ಪ್ಯಾರಿಸ್‌ನ ಫ್ಯಾಷನ್ ಮನೆಗಳೂ ಮಾಡಿ ಮಾರಿದವು. ಕೆಂಟೆ ತೊಟ್ಟ ಚಿತ್ರಕ್ಕಿಂತ ಈ ಚೀಲದ ಕಡೆ ನನ್ನ ಕಣ್ಣು ಬೇಗ ಹೋಗುತ್ತದೆ. ಅಕ್ರಾದಲ್ಲಿ ನಮ್ಮ ಗೋದಾಮಿನ ಕಾವಲುಗಾರ ಆ ವರ್ಷ ಬೆನಿನ್, ಟೋಗೊ ಗಡಿ ದಾಟಿ ಬಂದವರಲ್ಲಿ ಒಬ್ಬ. ಆ ಚೀಲದಲ್ಲಿ ಸರಕು ಬಂದರೆ ತಾನು ಮುಟ್ಟುತ್ತಿರಲಿಲ್ಲ, ಹುಡುಗರ ಕೈಲಿ ಎತ್ತಿಸುತ್ತಿದ್ದ.

ರಾಜಕೀಯ ಈಗಲೂ ಹಾಗೇ ಇದೆ. 1975ರಲ್ಲಿ ಪಶ್ಚಿಮ ಆಫ್ರಿಕಾದ ದೇಶಗಳು ಕಟ್ಟಿಕೊಂಡ ಇಕೊವಾಸ್ ಒಕ್ಕೂಟದಿಂದ ಮಾಲಿ, ಬುರ್ಕಿನಾ ಫಾಸೊ, ನೈಜರ್ ಮೂರೂ 2025ರ ಜನವರಿಯಲ್ಲಿ ಹೊರನಡೆದವು. ಹೊಗಳಿಕೆ ಅನ್ನಿಸಿದ್ದರೆ ಕ್ಷಮಿಸಿ, ನಾನು ಬರೆದದ್ದು ಸರ್ಕಾರಗಳ ಬಗ್ಗೆ ಅಲ್ಲ, ಥಾನು ಹೊತ್ತು ಗಡಿ ದಾಟುವವರ ಬಗ್ಗೆ.

ಪ್ರಶ್ನೆ: ಮಗಳು ವಿದೇಶದಿಂದ ಬರುವಾಗ ಮಾಲಿ ದೇಶದ 'ಬೊಗೊಲಾನ್' ಶಾಲು ತಂದುಕೊಟ್ಟಳು. ಮಣ್ಣಿನಲ್ಲಿ ಬರೆದದ್ದಂತೆ. ಒಗೆದರೆ ಮಣ್ಣು ಹೋಗುವುದಿಲ್ಲವೇ? ಊಟದ ಹೊತ್ತಿಗೆ ಅದರ ಮೇಲೆ ಉಪ್ಪಿನಕಾಯಿ ರಸ ಬೇರೆ ಬಿದ್ದಿದೆ. ನಿಂಬೆಹಣ್ಣು ತಿಕ್ಕಲೇ?
— ಗೃಹಿಣಿ, ಶಿರಸಿ

ನಿಂಬೆಹಣ್ಣು ಕೆಳಗಿಡಿ ಅಮ್ಮಾ, ಮೊದಲು ಇದನ್ನು ಓದಿ.

ಆ ಬಟ್ಟೆಯನ್ನು ಮೊದಲು ಒಂದು ಮರದ ಎಲೆಯ ಕಷಾಯದಲ್ಲಿ ಅದ್ದಿ ಹಳದಿ ಮಾಡುತ್ತಾರೆ. ನಮ್ಮ ಕಾಡಿನ ದಿಂಡಿಗದ ಜಾತಿಯದೇ ಆ ಮರ, ಒಗರು ಜಾಸ್ತಿ. ಆಮೇಲೆ ಕೆರೆಯ ತಳದ ಕಬ್ಬಿಣದಂಶದ ಮಣ್ಣನ್ನು ಮಡಕೆಯಲ್ಲಿ ತಿಂಗಳುಗಟ್ಟಲೆ ಕೊಳೆಹಾಕಿ, ಅದರಿಂದ ಬರೆಯುತ್ತಾರೆ. ಎಲೆಯ ಒಗರೂ ಮಣ್ಣಿನ ಕಬ್ಬಿಣವೂ ಕೂಡಿದರೆ ಕಪ್ಪು. ನಿಮ್ಮ ಅಜ್ಜನ ಕಾಲದಲ್ಲಿ ಅಳಲೆಕಾಯಿ, ಅನ್ನಭೇದಿ ಹಾಕಿ ಶಾಯಿ ಮಾಡುತ್ತಿದ್ದರಲ್ಲ, ಅದೇ ಲೆಕ್ಕ. ಬರೆದ ಮೇಲೆ ಮಣ್ಣನ್ನು ತೊಳೆದೇ ತೆಗೆಯುತ್ತಾರೆ, ಮತ್ತೆ ಅದ್ದುತ್ತಾರೆ, ಮತ್ತೆ ಬರೆಯುತ್ತಾರೆ. ಅಂದರೆ ನಿಮ್ಮ ಶಾಲಿನಲ್ಲಿ ಮಣ್ಣು ಈಗ ಇಲ್ಲವೇ ಇಲ್ಲ. ಇನ್ನೊಂದು ಗಮನಿಸಿ: ಬರೆದದ್ದು ಹಿನ್ನೆಲೆಯನ್ನು. ನಿಮಗೆ ಕಾಣುವ ಬಿಳಿ ಗೆರೆ, ಚುಕ್ಕೆ ಎಲ್ಲ ಮಣ್ಣು ಮುಟ್ಟದೆ ಬಿಟ್ಟ ಜಾಗ. ಅದಕ್ಕೆ ಕೊನೆಯಲ್ಲಿ ಕ್ಷಾರದ ನೀರು ಸವರಿ ಹಳದಿ ತೆಗೆದು ಬಿಳಿ ಮಾಡುತ್ತಾರೆ. ಬಮಾನಾ ಹೆಂಗಸರ ಕೈಕೆಲಸ ಇದು, ಬೇಟೆಗಾರರ ಅಂಗಿಗೂ ಇದೇ ಬಟ್ಟೆ. ಮಾಲಿಯ ಕಾಟಿ ಊರಿನ ಕ್ರಿಸ್ ಸೇಡು ಎಂಬ ವಿನ್ಯಾಸಕಾರ ಇದನ್ನು ಪ್ಯಾರಿಸ್‌ನ ಜಾಕೆಟ್, ಮಿನಿಸ್ಕರ್ಟ್ ಮಟ್ಟಕ್ಕೆ ಒಯ್ದರು, 1994ರಲ್ಲಿ ತೀರಿಕೊಂಡರು.

ಈಗ ಕಲೆಯ ವಿಷಯ. ಹುಳಿ ತಾಗಿದರೆ ಆ ಕಪ್ಪು ಬಿಡುತ್ತದೆ. ನಿಂಬೆ, ವಿನಿಗರ್, ಹುಣಸೆ ಯಾವುದೂ ಬೇಡ. ಉಪ್ಪಿನಕಾಯಿಯ ಹುಳಿ ಬಿದ್ದ ಜಾಗವನ್ನೇ ತಕ್ಷಣ ತಣ್ಣೀರಲ್ಲಿ ಅದ್ದಿ ತೆಗೆಯಿರಿ. ನೀರು ಹಿಂಡಿ ಒಣಗಿದ ಮೇಲೆ ಎಣ್ಣೆ ಉಳಿದ ಕಡೆ ಕಡಲೆಹಿಟ್ಟು ಉದುರಿಸಿ ಒಂದು ರಾತ್ರಿ ಬಿಟ್ಟು ಕೊಡವಿ. ಬಳಿಕ ತಣ್ಣೀರಿಗೆ ಒಂದು ಹನಿ ಮೃದುವಾದ ದ್ರವ ಸೋಪು ಹಾಕಿ, ಬೇರೆ ಬಟ್ಟೆ ಸೇರಿಸದೆ, ತಿಕ್ಕದೆ ಹಿಚುಕಿ ತೊಳೆಯಿರಿ. ಮೊದಲ ಸಲ ನೀರು ಸ್ವಲ್ಪ ಕಂದು ಬರುತ್ತದೆ, ಗಾಬರಿಯಾಗಬೇಡಿ. ಬ್ಲೀಚ್ ಪುಡಿಯ ಹತ್ತಿರವೂ ಹೋಗಬೇಡಿ. ಅರಿಶಿನದ ಹಳದಿ ಉಳಿದಿದ್ದರೆ ಆ ಭಾಗವನ್ನಷ್ಟೇ ಎಳೆಬಿಸಿಲಿಗೆ ಹಿಡಿದಿಡಿ, ತಾನಾಗಿ ಹೋಗುತ್ತದೆ. ಉಳಿದ ಶಾಲಿನ ಮೇಲೆ ಒಂದು ಟವೆಲ್ ಹೊದಿಸಿರಿ.